ಹೊಂಬಾಳಮ್ಮನವರು ಆರಿಸಿದ ಅತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಸರಾಳಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿರುವ ಹೊಂಬಾಳಮ್ಮನವರ ತಮ್ಮ ಶಿವಣ್ಣನವರೇ, ಅವರ ಮನೆಯಾಕೆಯೇ — ನಿಮ್ಮ ದುಃಖದ ಮುಂದೆ ನಮ್ಮದು ಚಿಕ್ಕದು. ಆದರೂ ನಮ್ಮದೂ ಇದೆ. ಶಾಲಾ ಸಮಿತಿಯ ಹಿರಿಯರಾದ ಲಿಂಗಯ್ಯನವರೇ, ಊರಿನ ತಂದೆತಾಯಿಗಳೇ, ಮಕ್ಕಳೇ.

ನಾನು ಮಾತುಗಾರ್ತಿಯಲ್ಲ. ಹಳ್ಳಿಯ ಶಾಲೆಯಲ್ಲಿ ಎಷ್ಟು ಹೇಳಿಕೊಟ್ಟರೋ ಅಷ್ಟು ಕಲಿತವಳು. ಇಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ, ಹೊಲಿಗೆ ಹೇಳಿಕೊಡುತ್ತೇನೆ. ಹೊಂಬಾಳಮ್ಮನವರು ಪಕ್ಕದ ಕೋಣೆಯಲ್ಲಿ ದೊಡ್ಡ ಹುಡುಗಿಯರಿಗೆ ಕನ್ನಡ, ಲೆಕ್ಕ ಹೇಳುತ್ತಿದ್ದರು. ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಬಿದಿರಿನ ತಡಿಕೆ. ಅವರ ನಗು ಆ ಕಡೆಯಿಂದ ಬರುತ್ತಿತ್ತು, ನನ್ನ ಗೊಣಗಾಟ ಈ ಕಡೆಯಿಂದ ಹೋಗುತ್ತಿತ್ತು.

ಹೋದ ಸೋಮವಾರ ವಿಷಮಶೀತ ಜ್ವರದಲ್ಲಿ ಅವರು ತೀರಿಕೊಂಡರು. ನಲವತ್ತೆರಡು ವಯಸ್ಸು. ಬರುವ ಶುಕ್ರವಾರ ನಮ್ಮ ಶಾಲೆಯ ವಾರ್ಷಿಕೋತ್ಸವ. ಅವರೇ ಬರೆದು ಮಕ್ಕಳಿಗೆ ಕಲಿಸುತ್ತಿದ್ದ ಒಂದು ನಗೆನಾಟಕ ಅವತ್ತು ಆಗಬೇಕಿತ್ತು. ಸಾವಿನ ಗೌರವಕ್ಕಾಗಿ ಅದನ್ನು ನಿಲ್ಲಿಸೋಣ ಎಂದು ಸಮಿತಿಯವರು ನಿನ್ನೆ ತೀರ್ಮಾನಿಸಿದ್ದಾರೆ. ನಾನು ಎದ್ದು ನಿಂತದ್ದು ಹೊಂಬಾಳಮ್ಮನವರ ಗುಣ ಹೇಳುವುದಕ್ಕೆ, ನಿಜ. ಆದರೆ ಆ ನಾಟಕ ನಿಲ್ಲಬಾರದು ಎಂದು ಕೇಳುವುದಕ್ಕೂ ಹೌದು. ಮೊದಲೇ ಹೇಳಿಬಿಟ್ಟಿದ್ದೇನೆ — ಆಮೇಲೆ ಈ ಮಾದೇವಮ್ಮ ಸಂತಾಪದ ಹೆಸರಿನಲ್ಲಿ ಜಗಳ ತೆಗೆದಳು ಎನ್ನಬಾರದು.

ಹೊಂಬಾಳಮ್ಮನವರಿಗೆ ನಾಟಕದ ಹುಚ್ಚು. ಶಿವಣ್ಣನವರೇ, ತಲೆ ತಗ್ಗಿಸಬೇಡಿ. ಹುಚ್ಚು ಎಂಬುದು ಅವರದೇ ಮಾತು. ಗೌರೀಶ್ವರ ಮಂಡಳಿಯವರು ಮಂಡ್ಯದಲ್ಲಿ ಕ್ಯಾಂಪು ಹಾಕಿದರೆ ಮಂಡ್ಯಕ್ಕೆ, ಮದ್ದೂರಿನಲ್ಲಿ ಹಾಕಿದರೆ ಮದ್ದೂರಿಗೆ, ಮಳವಳ್ಳಿಯಲ್ಲಾದರೆ ಕೇಳಲೇಬೇಡಿ. ಹೆಂಗಸರಿಗೆಂದು ಭಾನುವಾರ ಮಧ್ಯಾಹ್ನ ಆಡುತ್ತಿದ್ದ ಆಟಗಳಲ್ಲಿ ಒಂದನ್ನೂ ಬಿಟ್ಟವರಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಬಸ್ಸು ಓಡುತ್ತಿತ್ತಲ್ಲ, ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು — ಇವರು ಸೀರೆ ಸೆರಗು ಬಿಗಿದು ತಳ್ಳಿಯಾದರೂ ಹೋಗಿ ಬರುತ್ತಿದ್ದರು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸು, ಮುಂದಿನ ಚಾಪೆಯಲ್ಲಿ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಾಳಲ್ಲ ಎಂದು ಊರು ಮಾತಾಡಿತು. ಬೇರೆಯವರನ್ನು ಯಾಕೆ ಹೇಳಲಿ? ನಾನೂ ಮಾತಾಡಿದ್ದೇನೆ.

ಹೋಗಲಿ, ರಾಮನನ್ನೋ ಕೃಷ್ಣನನ್ನೋ ನೋಡಲು ಹೋಗುತ್ತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವರು ಹೋಗುತ್ತಿದ್ದುದು ನಡುವಿನ ನಗೆಯ ತುಂಡಿಗೆ. ಪರದೆಯ ಹಿಂದೆ ಕಾಡು ತೆಗೆದು ಅರಮನೆ ನಿಲ್ಲಿಸುವಷ್ಟು ಹೊತ್ತು, ಪರದೆಯ ಮುಂದೆ ಇಪ್ಪತ್ತು ನಿಮಿಷ ಒಂದು ಮನೆಯ ಜಗಳ ಆಡುತ್ತಿದ್ದರು. ಯಾವ ಪುರಾಣವೇ ಇರಲಿ, ಆ ಮನೆ ಮಾತ್ರ ಅದೇ — ಅದೇ ಅತ್ತೆ ಕಾಳವ್ವ, ಅದೇ ಪೆದ್ದ ಮಗ, ಅದೇ ಸೊಸೆ. ವಾರಕ್ಕೊಂದು ಹೊಸ ರಗಳೆ. ಅವರ ಬಲವಂತಕ್ಕೆ ಎರಡು ಸಲ ಹೋದಾಗ, ಆ ಇಪ್ಪತ್ತು ನಿಮಿಷ ನಾನು ಕಣ್ಣು ಮುಚ್ಚಿ ಮಾದಪ್ಪನ ಜಪ ಮಾಡಿದೆ. "ಜಪ ಮಾಡೋರು ತುಟಿ ಒಳಗೊಳಗೆ ನಗ್ತಾರಾ ಮಾದೇವಮ್ಮ?" ಎಂದು ವಾಪಸು ಬರುವಾಗ ಕೇಳಿದರು.

ಅತ್ತೆ ಕಾಳವ್ವನ ಪಾತ್ರವನ್ನು ಮೊದಲು ಮಾಡುತ್ತಿದ್ದವನು ಹುಚ್ಚೀರಯ್ಯ. ನಿಮಗೆಲ್ಲ ನೆನಪಿದೆ. ಕಣ್ಣು ಹೀಗೆ ತಿರುಗಿಸಿ, ಒನಕೆ ಹಿಡಿದು, ಧೊಪ್ಪನೆ ಬೀಳುತ್ತಿದ್ದ. ಇದೇ ಲಿಂಗಯ್ಯನವರು ಮಳವಳ್ಳಿ ಕ್ಯಾಂಪಿನಲ್ಲಿ ಅವನಿಗೆ ಬೆಳ್ಳಿಯ ಪದಕ ತೊಡಿಸಿದರು. ಅವನು ಕಂಪನಿ ಬಿಟ್ಟ ಮೇಲೆ ಮುದ್ದಯ್ಯ ಬಂದ. ಜನ ಮೂಗು ಮುರಿದರು — ಇವನೇನು, ಬೀಳುವುದೇ ಇಲ್ಲ! ಮೂರು ಊರಿನಲ್ಲಿ ಮುದ್ದಯ್ಯನೇ ಮೇಲು ಎಂದವರು ಹೊಂಬಾಳಮ್ಮ ಒಬ್ಬರೇ.

"ಹುಚ್ಚೀರಯ್ಯ ಬಿದ್ರೆ ನಗ್ತೀವಿ, ಎದ್ರೆ ಮರೀತೀವಿ. ಮುದ್ದಯ್ಯ ಏನೂ ಮಾಡಲ್ಲ ಕಣ್ರೀ. ಸೊಸೆ ಬಂದು ಕಾಲಿಗೆ ಬೀಳ್ತಾಳೆ. ಇವನು ಆಶೀರ್ವಾದಾನೇ ಮಾಡಲ್ಲ. ವೀಳ್ಯದೆಲೆ ತಗೊಂಡು ನಾರು ಬಿಡಿಸ್ತಾ ಕೂತ್ಕೋತಾನೆ. ಒಂದು ಎಲೆ, ಎರಡನೇ ಎಲೆ... ಅವಳು ಬಗ್ಗೇ ಇದ್ದಾಳೆ. ಮೂರನೇ ಎಲೆಗೆ ನಮ್ಮ ಕಡೆ ಹೆಂಗಸರೆಲ್ಲ ನಗು ನಿಲ್ಲಿಸಿಬಿಟ್ರು, ಕಂಡ್ರಾ? ಎಲ್ಲರಿಗೂ ಅವರವರ ಸೊಂಟ ನೆನಪಾಯ್ತು."

ಹೀಗೆ ನೋಡುತ್ತಿದ್ದರು ಅವರು. ನಗೆಗೆ "ವನ್ಸ್ ಮೋರ್" ಕೂಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಾಡನ್ನು ಎರಡನೇ ಸಲ ಕೇಳಬಹುದು, ಜೋಕನ್ನು ಎರಡನೇ ಸಲ ಕೇಳುವುದು ಉಂಡವರಿಗೆ ಮತ್ತೆ ಎಲೆ ಹಾಕಿದ ಹಾಗೆ ಎನ್ನುತ್ತಿದ್ದರು. ಕಂಪನಿಯ ಮಾಲೀಕರಿಗೆ ಕಾರ್ಡು ಬರೆಯುತ್ತಿದ್ದರು. ಒಂದು ಕಾರ್ಡನ್ನು ನಾನೇ ಅಂಚೆಗೆ ಹಾಕಿದೆ, ಓದಿಯೇ ಹಾಕಿದೆ: "ಸೊಸೆಯ ಪಾತ್ರದವರು ಖಾಲಿ ಬಿಂದಿಗೆ ಹೊತ್ತು ಬರುತ್ತಾರೆ. ಖಾಲಿ ಎಂದು ಅವರ ಕತ್ತೇ ಹೇಳುತ್ತದೆ. ದಯವಿಟ್ಟು ನೀರು ತುಂಬಿಸಿ ಕೊಡಿ." ಉತ್ತರವೇನೂ ಬರಲಿಲ್ಲ. ಮುಂದಿನ ಮದ್ದೂರು ಕ್ಯಾಂಪಿನಲ್ಲಿ, ಜಪದ ನಡುವೆ ನಾನು ಒಂದು ಕಣ್ಣು ತೆರೆದಾಗ, ಸೊಸೆ ಬಂದಳು, ಬಿಂದಿಗೆಯ ಬಾಯಿಂದ ನೀರು ತುಳುಕಿ ಭುಜ ನೆನೆಯಿತು. ಹೊಂಬಾಳಮ್ಮನವರು ನನ್ನ ಕೈ ಹೇಗೆ ಹಿಸುಕಿದರೆಂದರೆ — ನನ್ನ ಬಳೆ ಒಂದು ಒಡೆಯಿತು.

ಇಂಥವರು ಈ ಸಂಕ್ರಾಂತಿ ಕಳೆದ ಮೇಲೆ ಮಕ್ಕಳಿಗಾಗಿ ಒಂದು ಅತ್ತೆ-ಸೊಸೆಯ ನಗೆನಾಟಕ ಬರೆದರು. ಮಾತುಗಳೆಲ್ಲ ಅವರವೇ. ಪಾತ್ರ ಆರಿಸುವ ದಿನ ನಾನು ತಡಿಕೆಯ ಈ ಕಡೆಯಿಂದ ನೋಡುತ್ತಿದ್ದೆ. ದೊಡ್ಡ ತರಗತಿಯ ಹುಡುಗಿಯರೆಲ್ಲ ಅತ್ತೆಯಾಗಿ ಕಣ್ಣು ತಿರುಗಿಸಿದ್ದೇ ತಿರುಗಿಸಿದ್ದು, ಕಿರುಚಿದ್ದೇ ಕಿರುಚಿದ್ದು. ಹೊಂಬಾಳಮ್ಮನವರು ಹೂಂ, ಕೂತ್ಕೋ, ಹೂಂ, ಕೂತ್ಕೋ ಎನ್ನುತ್ತಿದ್ದರು. ಕೊನೆಗೆ ಬಾಗಿಲ ಹತ್ತಿರ ಬೇರೆ ಚಾಪೆಯಲ್ಲಿ ಕೂರುವ ಮರಿತಾಯಮ್ಮನನ್ನು ಕರೆದರು. ಊರಾಚೆಯ ಕೇರಿಯ ಕೆಂಪಸಿದ್ದಯ್ಯನ ಮಗಳು, ಹದಿಮೂರು ವರ್ಷ. ಆ ಮಗು ಬಂದು ನಿಂತಿತು. ಕಿರುಚಲಿಲ್ಲ. ಸೊಸೆಯ ಪಾತ್ರದ ಹುಡುಗಿಯನ್ನು ಒಂದು ಸಲ ನೋಡಿತು, ಬಿಂದಿಗೆಯನ್ನು ಒಂದು ಸಲ ನೋಡಿತು, ಸೂರ್ಯ ಎಷ್ಟು ಮೇಲೆ ಬಂದಿದ್ದಾನೆ ಎಂದು ಕಿಟಕಿಯ ಕಡೆ ನೋಡಿತು. ಆಮೇಲೆ ನಿಧಾನವಾಗಿ —

"ಏನವ್ವಾ, ಬಾವಿನೇ ಒತ್ಕಂಡ್ ಬಂದ್ಬುಟ್ಟಾ?"

ಕೋಣೆ ಬಿದ್ದು ಬಿದ್ದು ನಕ್ಕಿತು. ಹೊಂಬಾಳಮ್ಮನವರು ನಗಲಿಲ್ಲ. ಹೆಸರು ಬರೆದುಕೊಂಡು ಪುಸ್ತಕ ಮುಚ್ಚಿದರು.

ಸೊಸೆಯ ಪಾತ್ರ ಲಿಂಗಯ್ಯನವರ ಮೊಮ್ಮಗಳದು. ನಾಟಕದಲ್ಲಿ ಸೊಸೆ ಅತ್ತೆಯ ಕಾಲಿಗೆ ಬೀಳಬೇಕು, ಮೂರು ಎಲೆಯ ನಾರು ಬಿಡಿಸುವ ತನಕ ಬಗ್ಗಿಯೇ ಇರಬೇಕು. ಮಾರನೆಯ ದಿನ ಲಿಂಗಯ್ಯನವರು ಹೊಂಬಾಳಮ್ಮನವರನ್ನು ಕಾಣಲು ಶಾಲೆಗೆ ಬಂದರು. ಲಿಂಗಯ್ಯನವರೇ, ನೀವು ಇಲ್ಲೇ ಇದ್ದೀರಿ. ನಾನು ಒಂದು ಮಾತು ಹೆಚ್ಚು ಹೇಳಿದರೂ ತಡೆಯಿರಿ.

"ಮೇಷ್ಟ್ರಮ್ಮ, ಆ ಕೇರಿ ಮಕ್ಳನ್ನ ಸಾಲೆಗೆ ಸೇರಿಸ್ಬ್ಯಾಡಿ ಅಂದ್ನಾ ನಾನು? ಇಲ್ಲ. ಆದ್ರೆ ನನ್ ಮೊಮ್ಮಗ್ಳು ಊರ್ ಜನದ್ ಮುಂದೆ ಅವ್ಳ ಕಾಲ್ ಮುಟ್ಟೋದು ಅಂದ್ರೆ!"

"ಅದು ಮರಿತಾಯಮ್ಮನ ಕಾಲಲ್ಲ ಲಿಂಗಯ್ನೋರೆ, ಅತ್ತೆ ಕಾಲು."

"ಆಟ ಮುಗುದ್ ಮ್ಯಾಲೆ ಅತ್ತೆ ಒಂಟೋಯ್ತಾಳೆ, ಕಾಲ್ ಇಲ್ಲೇ ಇರ್ತದಲ್ಲ ತಾಯಿ!"

"ಹುಚ್ಚೀರಯ್ಯಂಗೆ ಪದಕ ತೊಡಿಸಿದ್ರಲ್ಲ, ಆವತ್ತು ಅವನ ಕುಲ ಕೇಳಿದ್ರಾ?"

"ಅವ್ನು ಕಂಪ್ನಿಯೋನು. ನಾಳೀಕೆ ಇನ್ನೊಂದೂರು. ಇವ್ಳು ಇಲ್ಲೇ ಇರೋಳು ಕಣಮ್ಮ."

ಇಷ್ಟೇ ಆದದ್ದು. ಬೈಗುಳವಿಲ್ಲ, ಕೂಗಾಟವಿಲ್ಲ. ಲಿಂಗಯ್ಯನವರು ಮೊಮ್ಮಗಳನ್ನು ನಾಟಕದಿಂದ ಬಿಡಿಸಿದರು. ಹೊಂಬಾಳಮ್ಮನವರು ಬೇರೆ ಸೊಸೆಗಾಗಿ ಮನೆಮನೆ ತಿರುಗಿದರು. ಯಾರೂ ಒಲ್ಲೆ ಎನ್ನಲಿಲ್ಲ. ಒಬ್ಬರ ಮನೆಯಲ್ಲಿ ಹುಡುಗಿಗೆ ಕೆಮ್ಮು, ಇನ್ನೊಬ್ಬರ ಮನೆಯಲ್ಲಿ ಮದುವೆಯ ಮಾತು, ಮತ್ತೊಬ್ಬರ ಮನೆಯಲ್ಲಿ ಅಜ್ಜಿಗೆ ಕನಸು.

ಈಗ ನನ್ನ ಮಾತಿಗೆ ಬರುತ್ತೇನೆ. ಲಿಂಗಯ್ಯನವರ ಮಾತು ಹೇಳಿ ನನ್ನದನ್ನು ಬಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ. ಸಮಾಧಾನ ಮಾಡುವವಳ ಹಾಗೆ ನಾನು ಹೋಗಿ ಹೇಳಿದೆ, "ಯಾಕೆ ಹಟ ಹೊಂಬಾಳಮ್ಮ? ಆ ಹುಡುಗಿಗೆ ಅಂಗಳ ಗುಡಿಸೋ ಆಳಿನ ಪಾತ್ರ ಕೊಡಿ. ಅವಳೂ ಬಂದ ಹಾಗಾಯ್ತು, ಊರಿಗೂ ನೋವಿಲ್ಲ." ಸೋಮವಾರ, ಉಪವಾಸದ ದಿನ, ಹಣೆಯ ಮೇಲೆ ಮಾದಪ್ಪನ ವಿಭೂತಿ ಇಟ್ಟುಕೊಂಡು ಈ ಮಾತು ಹೇಳಿದೆ.

ಅವರು ನನಗೆ ಧರ್ಮ ಹೇಳಲಿಲ್ಲ. ಹೇಳಿದ್ದರೆ ನಾನೂ ಎರಡು ಮಾತು ಹೇಳಿ ಗೆಲ್ಲುತ್ತಿದ್ದೆ. ಅವರು ಸ್ವಲ್ಪ ಯೋಚಿಸಿ, ಕಂಪನಿಯವರ ವಿಚಾರ ಮಾತಾಡುವ ಹಾಗೆಯೇ ಹೇಳಿದರು —

"ಆಳಿನ ಪಾತ್ರಕ್ಕೆ ಅವಳು ಸರಿಹೋಗಲ್ಲ ಮಾದೇವಮ್ಮ. ಆಳಿಗೆ ಅವಸರ ಇರಬೇಕು. ಈ ಹುಡುಗಿಗೆ ಅವಸರ ಅನ್ನೋದೇ ಇಲ್ಲ. ಹುಟ್ಟಾ ಯಜಮಾನಿ."

ನಾನು ತಡಿಕೆಯ ಈ ಕಡೆಗೆ ವಾಪಸು ಬಂದೆ. ಹನ್ನೊಂದು ವರ್ಷ ಈ ಹೆಂಗಸು ನೋಡಿದ್ದೆಲ್ಲ ಬರೀ ಮೋಜು ಎಂದುಕೊಂಡಿದ್ದೆ. ಯಾರು ಎಲ್ಲಿ ನಿಂತರೆ ಸರಿ ಎಂದು ಅವರ ಕಣ್ಣು ಕಲಿಯುತ್ತಿತ್ತು. ಆ ಕಣ್ಣಿಗೆ ಮರಿತಾಯಮ್ಮ ಅತ್ತೆಯಾಗಿ ಕಂಡಳು, ಅಷ್ಟೇ. ಊರಿಗೆ ಬುದ್ಧಿ ಹೇಳಬೇಕು ಎಂದು ಆರಿಸಿದ್ದಲ್ಲ. ಅವಳೇ ಎಲ್ಲರಿಗಿಂತ ಚೆನ್ನಾಗಿ ಮಾಡಿದಳು ಎಂದು ಆರಿಸಿದ್ದು.

ಆ ವಾರವೇ ಜ್ವರ ಹಿಡಿಯಿತು. ಸಾಯುವ ಮುಂಚಿನ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಜ್ವರದ ಸುದ್ದಿ ಕೇಳಿ ಬಂದಿದ್ದ ಶಿವಣ್ಣನವರು ಮಳವಳ್ಳಿಗೆ ಡಾಕ್ಟರನ್ನು ಕರೆಯಲು ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ತುಟಿ ಒಡೆದಿತ್ತು. ಗಂಜಿ ಬೇಡವೆಂದರು. "ಸೊಸೆ ಸಿಕ್ಕಿದ್ಳಾ?" ಎಂದರು.

ಸಿಕ್ಕಿರಲಿಲ್ಲ. ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. "ಸಿಕ್ಕಿದ್ಳು" ಎಂದೆ.

"ಯಾರು?"

ಯಾರ ಹೆಸರು ಹೇಳಲಿ? "ಮಲಗಿ, ಎದ್ದ ಮೇಲೆ ನೋಡೋರಂತೆ" ಎಂದೆ. ಅವರು ನನ್ನ ಮುಖ ನೋಡುತ್ತಲೇ ಇದ್ದರು. ಸುಳ್ಳು ಅಭಿನಯ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಗೋಡೆಯ ಕಡೆ ತಿರುಗಿ ಮಲಗಿದರು. ಹುಟ್ಟಿದಂದಿನಿಂದ ಸುಳ್ಳಿಗೆ ಹೆದರಿದವಳು ನಾನು. ಹೇಳಿದ್ದು ಒಂದು, ಅದನ್ನೂ ಸಾಯುವವರಿಗೆ ಹೇಳಿದೆ.

ಶಿವಣ್ಣನವರೇ, ಸೂತಕ ನಿಮ್ಮದು. ನಿಮ್ಮನ್ನೇ ಕೇಳುತ್ತೇನೆ. ಶುಕ್ರವಾರ ಈ ನಾಟಕ ಆಡಿದರೆ ನಿಮ್ಮ ಅಕ್ಕನಿಗೆ ಅಗೌರವವೇ? — ಇಲ್ಲ ಎಂದು ತಲೆ ಆಡಿಸಿದರು. ಎಲ್ಲರೂ ನೋಡಿದಿರಿ. ಹಾಗಾದರೆ ಸಮಿತಿಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ನಾಟಕ ಬೇಡ ಎನ್ನುವ ಅಧಿಕಾರ ನಿಮಗಿದೆ, ಬೇಡ ಎನ್ನಿ. ಆದರೆ ಗೌರವಕ್ಕಾಗಿ ಎನ್ನಬೇಡಿ. ನಮ್ಮ ಕಾರಣವನ್ನು ಸತ್ತವರ ತಲೆಯ ಮೇಲೆ ಹೊರಿಸಬೇಡಿ.

ಸೊಸೆ ಇಲ್ಲದೆ ನಾಟಕ ಹೇಗೆ ಎಂದು ಹಿಂದಿನಿಂದ ಯಾರೋ ಕೇಳುತ್ತಿದ್ದೀರಿ. ಸರಿಯಾದ ಪ್ರಶ್ನೆ. ಅವರು ಕೇಳಿದ್ದೂ ಅದೇ. ಸೊಸೆ ಇದ್ದಾಳೆ. ನಾನೇ.

ನಗುವವರು ನಗಿ, ಪರವಾಗಿಲ್ಲ. ಐವತ್ತು ವರ್ಷದ ಸೊಸೆ, ಹದಿಮೂರು ವರ್ಷದ ಅತ್ತೆ. ನಾನು ಒಂದು ಎಲೆಗೇ ಸೊಂಟ ಹಿಡಿದುಕೊಂಡೇನು. ಮಾತು ಬಾಯಿಪಾಠ ಮಾಡಿದ್ದೇನೆ, ತಪ್ಪಿದರೆ ಮಕ್ಕಳು ಹೇಳಿಕೊಡುತ್ತಾರೆ. ಬಿಂದಿಗೆಗೆ ನೀರು ತುಂಬಿಸಿಯೇ ಹೊರುತ್ತೇನೆ.

ಲಿಂಗಯ್ಯನವರು ಏನೋ ಹೇಳುತ್ತಿದ್ದಾರೆ — ಗಟ್ಟಿಯಾಗಿ ಹೇಳಿ. "ಮಾದೇವಮ್ಮ, ನಿನ್ ಮನೆ ದೇವ್ರಿಗೆ ಏನಂತ ಏಳೀಯೇ?" ಎನ್ನುತ್ತಿದ್ದಾರೆ. ಅಣ್ಣ, ಬೆಳಿಗ್ಗೆ ಪೂಜೆಯಲ್ಲಿ ಅದನ್ನೇ ಹೇಳಿ ಬಂದೆ. ಎಷ್ಟು ಕಲ್ಲಿಗೆ, ಎಷ್ಟು ಮರಕ್ಕೆ, ಎಷ್ಟು ಹುತ್ತಕ್ಕೆ ಬಗ್ಗಿದ್ದೇನೆ ನಾನು. ಒಂದು ಮಗುವಿನ ಕಾಲಿಗೆ ಬಗ್ಗಿದರೆ ಮಾದಪ್ಪ ಮುನಿದುಕೊಳ್ಳುವ ಹಾಗಿದ್ದರೆ, ಅವನು ನನಗೆ ತಿಳಿದ ಮಾದಪ್ಪನಲ್ಲ. ನನ್ನ ಕೈಯ ಅರಿಶಿನ-ಕುಂಕುಮ ಬೇಡ ಎನ್ನುವ ಮನೆಗಳು ಊರಿನಲ್ಲಿ ಆಗಬಹುದು. ಅದೂ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ.

ನನ್ನ ಮಾತು ಮುಗಿಯಿತು. ಹೊಂಬಾಳಮ್ಮನವರ ಆತ್ಮಕ್ಕೆ ಭಗವಂತ ನೆಮ್ಮದಿ ಕೊಡಲಿ. ಅವರ ನೆನಪಿಗೆ ಎರಡು ನಿಮಿಷ ಎಲ್ಲರೂ ಎದ್ದು, ಮಾತಿಲ್ಲದೆ, ಕೆಮ್ಮನ್ನೂ ತಡೆದುಕೊಂಡು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಮುಗಿದ ಮೇಲೆ ಹೋಗುವಾಗ ಬೆಂಚುಗಳನ್ನು ಗೋಡೆಗೆ ಸರಿಸಿ ಹೋಗಿ, ನಮಗೆ ತಾಲೀಮಿಗೆ ಜಾಗ ಬೇಕು. ಜಗಲಿಯಲ್ಲಿ ನಿಂತಿರುವ ಕೆಂಪಸಿದ್ದಯ್ಯ, ನೀನೂ ಒಳಗೆ ಬಾಪ್ಪ. ಮರಿತಾಯಮ್ಮ, ಇಲ್ಲಿ ಬಾ, ನನ್ನ ಪಕ್ಕ ನಿಂತುಕೋ. ಅವಸರವಿಲ್ಲ ತಾಯಿ, ನಿಧಾನವಾಗಿಯೇ ಬಾ. ನೀನು ಬಂದು ನಿಂತ ಮೇಲೆ ನಾವೆಲ್ಲ ಏಳುತ್ತೇವೆ.