ಅಡ್ಡ ಹೆಜ್ಜೆ

ರಾತ್ರಿ ಹತ್ತಾಗಿತ್ತು. ಇಂಜಿನಿಯರ್ ಹಂಪಣ್ಣನವರು ಅಂಬ್ರಪ್ಪನ ಹೊಸ ಮನೆಯಿಂದ ಹೊರಟು ಬಾವಿಯವರೆಗೆ ಬಂದಿದ್ದರು. ಹಿಂದಿನಿಂದ ಅಂಬ್ರಪ್ಪನ ಹೆಂಡತಿ ದೇವಕಮ್ಮ ಮೆಲ್ಲಗೆ ಕರೆದಳು.

"ಸಾಹೇಬ್ರ... ಅಳತಿ ಸರಿ ಅದ ಅಲ್ರಿ?"

"ಹೌದ್ರಿ ಅಕ್ಕಾ."

"ಮತ್ತ ಅವ್ರು ದಿನಾ ರಾತ್ರಿ ಯಾಕ ಎಣಸಾಕತ್ಯಾರ?"

ಅವಳು ಒಳಗೆ ಹೋದಳು.

ಅಂಬ್ರಪ್ಪ ಸತ್ತು ಹದಿಮೂರು ದಿನವಾಗಿತ್ತು.

ಕಾಲುವೆ ನೀರು ಬಂದು ಭತ್ತ ಕೈಹಿಡಿದ ಮೇಲೆ ಆತ ಬಾಲಿ ದ್ವೀಪ ನೋಡಿಬಂದು, ವಡಗೇರಾ ದಾರಿಯಲ್ಲಿ ಅಲ್ಲಿಯಂಥ ಮನೆ ಕಟ್ಟಿಸಿದ್ದ. ಗಾಜಿನ ಬಾಗಿಲು, ಹುಲ್ಲಿನ ಚಾವಣಿ, ಕಡಿಯದೆ ಉಳಿಸಿದ ಬೇವಿನ ಮರ, ಅದರ ಸುತ್ತ ಬಿಡಿಬಿಡಿ ಕೋಣೆಗಳು. ಅಲ್ಲಿಯ ಪದ್ಧತಿಯಂತೆ ಮನೆಗೆ ಯಜಮಾನನ ಪಾದವೇ ಅಳತೆ. ಹಿಮ್ಮಡಿಗೆ ಬೆರಳು ತಾಗಿಸಿ ಎಣಿಸಬೇಕು. ಕೊನೆಗೆ ಒಂದು ಹೆಜ್ಜೆ ಅಡ್ಡ ಇಡಬೇಕು. ಅದು ಜೀವದ ಪಾಲು.

"ಆ ಅಡ್ಡ ಹೆಜ್ಜಿ ಬಿಡಬ್ಯಾಡ್ರಿ ಸಾಹೇಬ್ರ," ಎಂದು ಅಂಬ್ರಪ್ಪ ನಕ್ಕಿದ್ದ. "ನಿಮ್ಮ ಟೇಪಿಗೆ ಜೀವ ಇಲ್ಲ, ನನ್ನ ಕಾಲಿಗದ."

ಪಡಸಾಲೆಗೆ ತರಿಸಿದ ಗಾಜಿನ ಅಗಲ ನಾಲ್ಕು ಬೆರಳು ಕಡಿಮೆ ಬಂತು. ದಾರದಷ್ಟು ಓರೆಯಾದರೂ ಗೋಡೆ ಕೆಡವಿಸುವ ಹಂಪಣ್ಣ, ಈ ಗೋಡೆಯನ್ನು ಅಷ್ಟು ಒಳಗೆ ಸರಿಸಿ ಅಡ್ಡ ಹೆಜ್ಜೆಯ ಜಾಗದ ಮೇಲೆಯೇ ಎಬ್ಬಿಸಿದರು. ಯಾರಿಗೂ ಹೇಳಲಿಲ್ಲ. ಗೃಹಪ್ರವೇಶಕ್ಕೆ ಎಂಟು ದಿನವಿರುವಾಗ ಅಂಬ್ರಪ್ಪ ಕಾಲುವೆಯಲ್ಲಿ ಜಾರಿದ. ಹೆಣ ಸಿಕ್ಕಿದ್ದು ಮೂರನೆಯ ದಿನ. ಅಂದಿನಿಂದ ದೇವಕಮ್ಮ ಈ ಮನೆಯಲ್ಲೇ ಇದ್ದಳು.

ಬಾವಿಯ ಹತ್ತಿರದಿಂದ ಹಂಪಣ್ಣ ಹಿಂದಿರುಗಿ ನೋಡಿದರು. ಬಾಗಿಲು ತೆರೆದ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಯಾರೂ ಇರಲಿಲ್ಲ.

ಚಪ್... ಚಪ್...

ಒದ್ದೆ ಅಂಗಾಲು ನೆಲದ ಪರಸಿ ಕಲ್ಲಿನಿಂದ ಏಳುವ ಸದ್ದು. ನಡಿಗೆಯದಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ಇಡುವವನದು. ಹಂಪಣ್ಣ ತಮಗರಿಯದೆ ಎಣಿಸಿದರು. ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು.

ಗೋಡೆ ಬಂತು. ಸದ್ದು ನಿಂತಿತು.

ಆಮೇಲೆ, ಗೋಡೆಯ ಒಳಗಿನಿಂದ, ಇನ್ನೊಂದು.

ಚಪ್.

"ತಪ್ಪಾತೋ ಅಂಬ್ರಪ್ಪ..." ಎಂದರು.

ಬೆಳಗಾಗುತ್ತಲೇ ಎಲ್ಲವನ್ನೂ ದೇವಕಮ್ಮನಿಗೆ ಹೇಳಿದರು.

"ನಿನ್ನೆ ಕೇಳಿದಾಗ ಹೇಳಬೇಕಿತ್ತು," ಎಂದಳು. "ಕೆಡವ್ರಿ."

ಆಳಿಗೆ ಕೊಡದೆ ಹಂಪಣ್ಣ ತಾವೇ ಹಾರೆ ಹಿಡಿದರು. ಇದು ಕಟ್ಟಿದ ಮಾತಲ್ಲ. ಮೇಸ್ತ್ರಿ ಲಾಡ್ಲೇಸಾಬ ಪಕ್ಕದಲ್ಲೇ ನಿಂತಿದ್ದ, ಇವತ್ತೂ ಶಹಾಪುರದಲ್ಲಿದ್ದಾನೆ, ಹೋಗಿ ಕೇಳಿರಿ. ಕಟ್ಟಿ ನಾಲ್ಕು ತಿಂಗಳಾದ ಗೋಡೆ. ಕೊನೆಯ ಇಟ್ಟಂಗಿ ಎತ್ತಿದಾಗ, ಕೆಳಗಿನ ಬುನಾದಿ ಕಲ್ಲಿನ ಮೇಲೆ ಅಡ್ಡವಾಗಿ ಒಂದು ಹೆಜ್ಜೆ ಮೂಡಿತ್ತು.

ಹಸಿ ಇತ್ತು.