ಬಲಕ್ಕೋ ಎಡಕ್ಕೋ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದ ಸುಮತಿಯ ಪಕ್ಕದಲ್ಲೇ ಇಬ್ಬರು ಹೆಂಗಸರು ಬಂದು ಕೂತರು. ಚಿಕ್ಕವಳು ಮಾತು ತೆಗೆದಳು.

“ಬಂಗಾರಕ್ಕ, ಭಾವನ ಬಲಗೈ ಸರಿಯಾಗ್ತದಾ ಅಂತ ದೇವಸ್ಥಾನದಲ್ಲಿ ಪ್ರಸಾದ ಕೇಳೂಕೆ ಹೋಗಿದ್ಯಲ, ಎಂತ ಆತು? ದೇವ್ರ ಹೂ ಬಲಕ್ಕೆ ಬಿತ್ತಾ?”

“ಮಧ್ಯಾಹ್ನದವರೆಗೂ ಕೂತೆ. ಹೂ ಅಲ್ಲಾಡ್ಲೇ ಇಲ್ಲ. ಕಡೆಗೆ, ಲಕ್ವಾ ಹೊಡೆದ್ರೂ ಜೀವ ಉಳ್ಸಿ ಕೊಟ್ಯಲ, ಅಷ್ಟೇ ಸಾಕು, ಮುಂದಿಂದು ನಿಂಗೆ ಬಿಟ್ಟದ್ದು ಅಂತ ಕೈಮುಗ್ದು ಎದ್ದೆ. ಬಾಗ್ಲ ದಾಟ್ತಾ ಇದ್ದೆ, ಹೂ ಬಿತ್ತು ಅಂತ ಭಟ್ರು ಕರದ್ರು.”

“ಯಾವ ಬದಿಗೆ?”

“ನಾ ತಿರುಗಿ ನೋಡ್ಲಿಲ್ಲ.”

“ಅಯ್ಯೋ! ಭಟ್ರ ಹತ್ರ ಆದ್ರೂ ಕೇಳೂದಲ್ವಾ?”

“ಎಂತಕ್ಕೆ? ತಿಂಗಳ ಮೇಲೆ ಅವತ್ತೇ ನಂಗೆ ಚೊಲೋ ನಿದ್ದೆ ಬಂದದ್ದು.”

ಕುಮಟಾ ಬಸ್ ಬಂತು. ಸುಮತಿ ಏಳಲಿಲ್ಲ.

“ಕೈ ಈಗ ಹೆಂಗಿದೆ?”

“ಹಾಂಗೇ ಇದೆ. ಇಂದು ಬೆಳಿಗ್ಗೆ ಅವ್ರೇ ಮಿಂದು ಬಂದು ದೇವ್ರಿಗೆ ಹೂ ಏರ್ಸಿದ್ರು.”

“ಎಡಗೈಲಾ?”

ಕಾಸರಕೋಡಿನ ಬಸ್ ಬಂದು ನಿಂತಿತು. ಬಂಗಾರಿ ಚೀಲ ಎತ್ತಿಕೊಂಡಳು.

“ದೇವ್ರು ಉಳ್ಸಿದ ಕೈಲಿ,” ಎಂದು ನಗುತ್ತ ಹತ್ತಿದಳು.