ತುಂಗಮ್ಮನವರ ಕಣ, ನಮ್ಮ ವಿಳಾಸ

ಕದ್ದೆ ಅನ್ಬೇಡ ಸ್ವಾತಿ, ಆ ಮಾತೇ ತಪ್ಪು. ಕದ್ದಿದ್ರೆ ನಿನ್ನ ಹತ್ರ ಇರಬಾರದಲ್ವಾ? ನಿನ್ನ ಬ್ಲಾಗ್ ಅಲ್ಲೇ ಇದೆ, ಒಂದಕ್ಷರ ಅಲ್ಲಾಡಿಲ್ಲ. ಮೊದಲು ಕೂತ್ಕೋ. ಇದು ನನ್ನ ಕಾಫಿಪುಡಿ ಅಂಗಡಿ, ಪೊಲೀಸ್ ಠಾಣೆ ಅಲ್ಲ. ನೀನು ಹೀಗೆ ನಿಂತ್ಕೊಂಡೇ ಮಾತಾಡಿದ್ರೆ ರಾಜೀವ ಏನೋ ಮಾಡಿದಾನೆ ಅಂತ ಅರ್ಧ ಮೂಡಿಗೆರೆ ಬಾಗಿಲಿಗೆ ಬರುತ್ತೆ.

ನಿಧಾನಕ್ಕೆ ಹೇಳ್ತೀನಿ, ನಿನಗೂ ಅರ್ಥ ಆಗೋ ಹಾಗೆ. ನಮ್ಮ ಎಸ್ಟೇಟಿಗೆ ಒಂದು ವೆಬ್‌ಸೈಟ್ ಇದೆ, ಅಲ್ವಾ? ಅದರಲ್ಲಿ 'ನಮ್ಮ ಕಣ' ಅಂತ ಒಂದು ವಿಳಾಸ ಮಾಡಿದೀನಿ. ಯಾರಾದರೂ ಅದನ್ನ ಒತ್ತಿದ್ರೆ ವೆಬ್‌ಸೈಟ್ ಸೀದಾ ನಿನ್ನ ಬ್ಲಾಗಿಗೆ ಹೋಗಿ, ಅಲ್ಲಿ ಆ ಕ್ಷಣಕ್ಕೆ ಏನಿದೆಯೋ ಅದನ್ನ ತಂದು ತೋರಿಸುತ್ತೆ. ನಾನು ನಕಲು ಮಾಡಿಲ್ಲ, ತರಿಸ್ಕೊಂಡಿದೀನಿ. ಮೇಲೆ ಕಾಣೋ ವಿಳಾಸ ಮಾತ್ರ ನಮ್ಮದು. ಇನ್ನೊಂದ್ಸಲ ಹೇಳ್ಲಾ? ಈಗ ನಿಮ್ಮ ಮನೆ ಹಾಲನ್ನ ನಮ್ಮ ಲೋಟದಲ್ಲಿ... ಬೇಡ, ಆ ಉದಾಹರಣೆ ಸರಿ ಹೋಗಲ್ಲ.

ಯಾಕೆ ನಗ್ತೀಯ?

ನಿನ್ನ ಹೆಸರಾ... ಹೆಸರು ಕೆಳಗಿತ್ತು. ನಮ್ಮ ಪುಟದಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಹೌದಪ್ಪ, ನನ್ನ ಫೋಟೋಗೆ ಸಾಕಾಯ್ತು. ಫೋಟೋ ಮೇಲೆ ಬರುತ್ತೆ, ಹೆಸರು ಕೆಳಗೆ ಬರುತ್ತೆ, ಅದು ಬೇರೆ ಇದು ಬೇರೆ.

ನೋಡು ಮಾರಾಯ್ತಿ, ನಿನಗೆ ಉಪಕಾರವೇ ಆಗಿದೆ. ನಿಮ್ಮದು ಆಲ್ದೂರಿನ ಹತ್ರ ಒಂದು ಪುಟ್ಟ ತೋಟ. ನಿನ್ನ ಅತ್ತೆ ತುಂಗಮ್ಮನವರು ಕಾಫಿ ಒಣಗಿಸೋ ಕಣದಲ್ಲಿ ಕೂತು, ಬೀಜ ಹಲ್ಲಲ್ಲಿ ಕಚ್ಚಿ, 'ಇನ್ನೊಂದು ಬಿಸಿಲು ಬೇಕು' ಅನ್ನೋದು, ನೀನು ಅದನ್ನ ಬರೆಯೋದು. ಯಾರು ಓದ್ತಿದ್ರು? ನಿನ್ನ ಗಂಡ. ಅದೂ ನೀನು ಪಕ್ಕದಲ್ಲೇ ಕೂತಿದ್ರೆ. ಈಗ ಹುಬ್ಬಳ್ಳಿಯಲ್ಲಿ ಓದಿದಾರೆ. ಅಲ್ಲಿ ಶಾಝಿಯಾ ಅಂತ, ದೊಡ್ಡ ಕಾಫಿ ಅಂಗಡಿ ಇಟ್ಟಿದಾರೆ. ಬೀಜ ಕಚ್ಚೋ ಅಜ್ಜಿಯನ್ನ ನೋಡ್ಬೇಕಂತೆ. ಪ್ರತಿ ವರ್ಷ ಆ ಕಣದ ಕಾಫಿಯೇ ಬೇಕಂತೆ. ದಾರಿಯಲ್ಲಿ ಎಲ್ಲಿ ನಿಂತ್ರೂ ಆ ಪುಟ ತೆಗೆದು ಡ್ರೈವರಿಗೂ ಓದಿ ಹೇಳ್ತಾರಂತೆ ಪುಣ್ಯಾತ್ಗಿತ್ತಿ.

ಯಾವಾಗ ಬರೋದು ಅಂದ್ರೆ... ಇವತ್ತೇ. ಚಿಕ್ಕಮಗಳೂರಲ್ಲಿ ಊಟಕ್ಕೆ ನಿಂತಿದಾರೆ.

ಅದಕ್ಕೇ ನಿನಗೆ ಬರೋಕೆ ಹೇಳಿದ್ದು. ದೊಡ್ಡ ವಿಷಯ ಏನಲ್ಲ. ತುಂಗಮ್ಮನವರು ಸ್ವಲ್ಪ ಹೊತ್ತು ನಮ್ಮ ಕಣದಲ್ಲಿ ಬಂದು ಕೂತಿದ್ರೆ ಆಯ್ತು. ಸುಮ್ನೆ. ಅವರಿಗೂ ಒಂದು ಬದಲಾವಣೆ. ಜೀಪ್ ಹೊರಗೇ ಇದೆ. ವಾಪಸ್ ಬರುವಾಗ ಹಿಂದೆ ಖಾಲಿ ಇರುತ್ತಲ್ಲ, ನಿಮ್ಮ ಕಾಫಿ ಮೂಟೆಗಳನ್ನೂ ಹಾಕಿಬಿಡಿ. ನಮ್ಮದು ಈ ವರ್ಷ ಯಂತ್ರದಲ್ಲಿ ಒಣಗಿಸಿದ್ದು. ರುಚಿ ಒಂದೇ. ಆದರೆ ಯಂತ್ರಕ್ಕೆ ಹಲ್ಲಿಲ್ಲ ನೋಡು.

ತುಂಗಮ್ಮನವರು ಯಾರು ಅಂತ ಹೇಳಿದೀನಿ ಅಂತಾನಾ? ನಾನೇನೂ ಹೇಳಿಲ್ಲಮ್ಮ. 'ನಮ್ಮನೆ ಹಿರಿಯರು' ಅಂತ ನೀನೇ ಬರೆದಿದ್ದೀಯ. ನಮ್ಮ ವಿಳಾಸದಲ್ಲಿ ಓದಿದವರು ನಮ್ಮನೆಯವರು ಅಂತ ತಿಳ್ಕೊಂಡ್ರು. ದೂರದಿಂದ ಬರೋರನ್ನ ತಿದ್ದೋದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದೆ.

ಆಗಿಂದ ಫೋನಲ್ಲೇ ಏನೋ ಒತ್ತುತ್ತಾ ಇದೀಯ. ಗಂಡನಿಗಾ? ಕರಿ, ಅವನೂ ಬರಲಿ, ಮೂಟೆ ಎತ್ತೋಕೆ ಜನ ಬೇಕು.

ಇಟ್ಯಾ ಫೋನು? ಒಳ್ಳೇದಾಯ್ತು. ಒಪ್ಪಿಗೆ ಅಂತ ತಿಳ್ಕೋತೀನಿ... ಕಂಪ್ಯೂಟರ್ ಕಡೆ ಯಾಕೆ ಕೈ ತೋರಿಸ್ತೀಯ? ನೋಡ್ಬೇಕಾ? ನೋಡ್ತೀನಿ, ಅದಕ್ಕೇನಂತೆ. ಎಸ್ಟೇಟಿನ ಹೆಸರು ಇದೆ. 'ನಮ್ಮ ಕಣ' ಇದೆ. ನನ್ನ ಫೋಟೋ ಇದೆ. ಕೆಳಗೆ...

'ಈ ಕಣ ರಾಜೀವ್ ಅವರದ್ದಲ್ಲ. ತುಂಗಮ್ಮ ನನ್ನ ಅತ್ತೆ. ನಾವು ಆಲ್ದೂರಿನವರು. ಕಾಫಿ ನಮ್ಮ ಮನೆಯಲ್ಲೇ ಇದೆ, ಬಂದು ಕುಡಿದು ನೋಡಿ. ಇಂತಿ, ಸ್ವಾತಿ.'

ಸ್ವಾತಿ... ನನ್ನ ಫೋಟೋ ಕೆಳಗೇನಾ?

ತೆಗಿ ಮಾರಾಯ್ತಿ. ನನ್ನ ಕೈಲಿ ಅಳಿಸೋಕಾಗಲ್ಲ, ಬರಹ ನಿನ್ನ ಬ್ಲಾಗಲ್ಲಿ ಇರೋದು. ನಾನು ಬೇಕಾದ್ರೆ ವಿಳಾಸ ಮುಚ್ಚಬಹುದು. ಆಗ 'ನಮ್ಮ ಕಣ' ಒತ್ತಿದವರಿಗೆ 'ಇಲ್ಲಿ ಏನೂ ಇಲ್ಲ' ಅಂತ ಬರುತ್ತೆ. ಅದೂ ನಿಜವೇ ಅಂತ ತಾನೇ ನಿನ್ನ ಮುಖ ಹೇಳ್ತಿರೋದು?

ತಾಳು, ಅವರದ್ದೇ ಫೋನು. ಹಲೋ, ಹೇಳಿ ಮೇಡಂ. ಊಟ ಆಯ್ತಾ... ಓದಿದ್ರಾ. ಈಗಷ್ಟೇನಾ... ಇಲ್ಲ ಇಲ್ಲ, ಅದು ಏನಾಯ್ತು ಅಂದ್ರೆ, ನಮ್ಮ ವೆಬ್‌ಸೈಟ್ ಹೊರಗಿನ ಬರಹ ತರಿಸ್ಕೊಳ್ಳೋ ರೀತಿ... ಹ್ಞೂಂ... ಇದಾರೆ, ಇಲ್ಲೇ ಎದುರಿಗೆ ಕೂತಿದಾರೆ.

ತಗೋ. ಆಲ್ದೂರಿಗೆ ಬಂದು ಯಾವ ಕಡೆ ತಿರುಗ್ಬೇಕು ಅಂತ ಕೇಳ್ತಿದಾರೆ.